ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ: ವಾಲಿಬಾಲ್ ಮತ್ತು ನಮ್ಮ ಕೇರಿ

ಮಾಗಡಿ ಅಂದರೆ ಕೆಂಪೇಗೌಡರ ಕೋಟೆ ಅಂತಾರೆ. ರಾಮನಗರ ಅಂದರೆ ರೇಷ್ಮೆ ಗೂಡಿನ ಮಾರುಕಟ್ಟೆ, ‘ಶೋಲೆ’ ಸಿನಿಮಾ ತೆಗೆದ ಬಂಡೆಗಳು. ಚನ್ನಪಟ್ಟಣ ಅಂದರೆ ಬಣ್ಣದ ಬೊಂಬೆ. ಕನಕಪುರ ಅಂದರೆ ರೇಷ್ಮೆ, ಕಲ್ಲುಗಣಿ, ರಾಜಕಾರಣ. ಈ ನಾಲ್ಕು ತಾಲ್ಲೂಕುಗಳ ಬಗ್ಗೆ ಬರೆದವರು ಸಂಜೆ ಐದರ ಮೇಲೆ ನಮ್ಮ ಹಳ್ಳಿಗಳ ಕಡೆ ಬಂದಿರಲಿಕ್ಕಿಲ್ಲ. ಬಂದಿದ್ದರೆ ಎರಡು ನೀಲಗಿರಿ ಗಳ, ನಡುವೆ ಹರಕಲು ನೆಟ್ಟು, ಅದರ ಆಚೆ ಈಚೆ ಬರಿಗಾಲಲ್ಲಿ ನೆಗೆಯುವ ಹುಡುಗರು ಕಣ್ಣಿಗೆ ಬೀಳುತ್ತಿದ್ದರು. ಕೋಟೆಗೆ ಚರಿತ್ರೆ ಇದೆ ಅಂದಮೇಲೆ ಆ ನೆಟ್ಟಿಗೂ ಇದೆ. ಅದನ್ನು ನಾವೇ ಬರೆಯಬೇಕು. ಯಾಕೆಂದರೆ ಆ ಮೈದಾನದಲ್ಲಿ ನಾವು ಕಲಿತದ್ದು ಚೆಂಡು ಹೊಡೆಯೋದು ಮಾತ್ರವಾಗಿರಲಿಲ್ಲ.

ಮೊದಲು ಈ ಆಟ ಯಾರದು ಅಂತ ಕೇಳೋಣ. 1895ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ಹೋಲಿಯೋಕ್ ಎಂಬ ಊರಿನಲ್ಲಿ ಇದು ಹುಟ್ಟಿತು. ಹೋಲಿಯೋಕ್ ಕಾಗದದ ಗಿರಣಿಗಳ ಊರು. ಅಲ್ಲಿನ ವೈ.ಎಂ.ಸಿ.ಎ.ಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ವಿಲಿಯಂ ಮಾರ್ಗನ್ ಇದನ್ನು ಕಟ್ಟಿದ್ದು ಗಿರಣಿ ಕೂಲಿಗಳಿಗೆ ಅಂದುಕೊಂಡರೆ ತಪ್ಪು. ವಯಸ್ಸಾದ ವ್ಯಾಪಾರಸ್ಥರಿಗೆ ಬ್ಯಾಸ್ಕೆಟ್‌ಬಾಲ್ ಒರಟಾಯಿತು, ಮೈಗೆ ಮೈ ತಗುಲುತ್ತೆ, ಸುಸ್ತಾಗುತ್ತೆ. ಅವರಿಗೊಂದು ಮೆತ್ತನೆಯ ಆಟ ಬೇಕಾಗಿತ್ತು. ಆರೂವರೆ ಅಡಿ ಎತ್ತರಕ್ಕೆ ನೆಟ್ಟು ಕಟ್ಟಿ, ಇಬ್ಬದಿಯಲ್ಲೂ ಎಷ್ಟು ಜನ ಬೇಕಾದರೂ ನಿಂತು ಚೆಂಡನ್ನು ತಳ್ಳಾಡುವ ಈ ಆಟಕ್ಕೆ ಮಾರ್ಗನ್ ಇಟ್ಟ ಹೆಸರು ಮಿಂಟೊನೆಟ್. ಮರುವರ್ಷ ಸ್ಪ್ರಿಂಗ್‌ಫೀಲ್ಡಿನಲ್ಲಿ ಆಡಿ ತೋರಿಸಿದಾಗ ಅದನ್ನು ನೋಡಿದ ಆಲ್‌ಫ್ರೆಡ್ ಹ್ಯಾಲ್‌ಸ್ಟೆಡ್ ಎಂಬಾತ, ಚೆಂಡು ನೆಲಕ್ಕೆ ಬೀಳದಂತೆ ಹೊಡೀತಾರಲ್ಲ, ವಾಲಿಬಾಲ್ ಅನ್ನಿ ಅಂದ. ಆ ಹೆಸರು ನಿಂತಿತು.

ಉಳ್ಳವರ ಮೈ ಸಡಿಲಿಸಲು ಹುಟ್ಟಿದ ಈ ಆಟಕ್ಕೆ ಸಿಟ್ಟು ಬಂದದ್ದು ಎಲ್ಲಿ ಗೊತ್ತೆ? ಫಿಲಿಪೈನ್ಸ್‌ನಲ್ಲಿ. ಸ್ಪೇನಿನ ಆಳ್ವಿಕೆ ಮುಗಿದು 1898ರಿಂದ ಅಮೆರಿಕದ ಕೈಗೆ ಬಿದ್ದಿದ್ದ ದೇಶ ಅದು. ವೈ.ಎಂ.ಸಿ.ಎ. ಜನ ಅಲ್ಲಿಗೂ ಚೆಂಡು ಒಯ್ದರು. ಅಲ್ಲಿನ ಜನ ಸುಮ್ಮನೆ ತಳ್ಳಾಡಲಿಲ್ಲ. ಒಬ್ಬ ಚೆಂಡನ್ನು ನೆಟ್ಟಿನ ಮೇಲಕ್ಕೆ ಎತ್ತಿ ಕೊಡೋದು, ಇನ್ನೊಬ್ಬ ನೆಗೆದು ಕೆಳಕ್ಕೆ ಬಡಿಯೋದು: ಇದನ್ನು 1916ರ ಸುಮಾರಿಗೆ ಅವರು ರೂಢಿಸಿದರು. ಆ ಹೊಡೆತಕ್ಕೆ ಅವರು ಇಟ್ಟ ಹೆಸರು ‘ಬಾಂಬಾ’. ಇವತ್ತು ನಾವು ಸ್ಮ್ಯಾಶ್ ಅನ್ನೋದು ಅದನ್ನೇ. 1918ರಲ್ಲಿ ಒಂದು ಕಡೆಗೆ ಆರು ಜನ ಎಂದಾಯಿತು. 1920ರಲ್ಲಿ ಮೂರೇ ಮುಟ್ಟಿಗೆ ಚೆಂಡು ದಾಟಬೇಕು ಎಂಬ ನಿಯಮ ಬಂತು. ವ್ಯಾಪಾರಿಯ ಆಟವನ್ನು ಆಳಿಸಿಕೊಂಡವರು ತಿದ್ದಿದರು. ಈ ಮಾತನ್ನು ನೆನಪಿಟ್ಟುಕೊಂಡು ನಮ್ಮ ಕಡೆ ಬರೋಣ.

ನಮ್ಮ ಕಡೆಗೂ ಅದನ್ನು ತಂದದ್ದು ವೈ.ಎಂ.ಸಿ.ಎ.ನೇ. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆ ತೆರೆದರು. ಅಲ್ಲಿ ತರಬೇತಾದ ಮೇಷ್ಟ್ರುಗಳು ದಕ್ಷಿಣದ ಶಾಲೆ ಕಾಲೇಜುಗಳಿಗೆ ಹೋದರು. ಅವರ ಜೊತೆ ಚೆಂಡೂ ಹೋಯಿತು. 1951ರಲ್ಲಿ ಭಾರತದ ವಾಲಿಬಾಲ್ ಫೆಡರೇಷನ್ ಆಯಿತು. 1952ರಲ್ಲಿ ನಮ್ಮ ದೇಶದ ತಂಡ ಮಾಸ್ಕೋದ ವಿಶ್ವ ಚಾಂಪಿಯನ್‌ಷಿಪ್ಪಿಗೆ ಹೋಯಿತು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಬಂತು. 1986ರಲ್ಲಿ ಸೋಲ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದ ಕೇರಳದ ಜಿಮ್ಮಿ ಜಾರ್ಜ್ ಹೆಸರು ನಮ್ಮ ಹಳ್ಳಿಗಳಿಗೂ ಮುಟ್ಟಿತ್ತು.

ಹಳ್ಳಿಯಲ್ಲಿ ಈ ಆಟ ಬೇರು ಬಿಟ್ಟದ್ದಕ್ಕೆ ಕಾರಣ ಸರಳ. ಕ್ರಿಕೆಟ್ಟಿಗೆ ಬ್ಯಾಟು, ಪ್ಯಾಡು, ಗ್ಲೌಸು, ಒಂದಿಡೀ ಬಯಲು ಬೇಕು. ಇದಕ್ಕೆ ಹದಿನೆಂಟು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲದ ನೆಲ ಸಾಕು. ಕಲ್ಲು ಆಯ್ದು, ಬೂದಿಯಲ್ಲಿ ಗೆರೆ ಎಳೆದರೆ ಕೋರ್ಟು. ಶೂ ಬೇಡ. ಹೊತ್ತು ಇಳಿದ ಮೇಲೆ ಕೂಲಿ ಮುಗಿಸಿ ಬಂದವನು ಹಾಗೇ ಆಡಬಹುದು. 1972ರಲ್ಲಿ ನೆಹರು ಯುವ ಕೇಂದ್ರಗಳು ಶುರುವಾದ ಮೇಲೆ ಯುವಕ ಸಂಘಗಳಿಗೆ ಚೆಂಡು, ನೆಟ್ಟು ಸಿಗತೊಡಗಿದವು.

ಆದರೆ ಯುವಕ ಸಂಘ ಯಾರದು? ಊರಿನದು. ಚೆಂಡು ಇರುತ್ತಿದ್ದದ್ದು ಯಾರ ಮನೆಯಲ್ಲಿ? ಊರಿನ ದೊಡ್ಡವರ ಮನೆಯ ಜಗಲಿ ಮೇಲೆ. ಕವಿ ಸಿದ್ಧಲಿಂಗಯ್ಯ ಹುಟ್ಟಿದ ಮಂಚನಬೆಲೆ ಇದೇ ಮಾಗಡಿ ತಾಲ್ಲೂಕಿನದು. ಅವರು ತಮ್ಮ ಆತ್ಮಕತೆಗೆ ‘ಊರು ಕೇರಿ’ ಅಂತ ಯಾಕೆ ಹೆಸರಿಟ್ಟರು ಅನ್ನೋದನ್ನ ಈ ಸೀಮೆಯ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಹಳ್ಳಿಯಲ್ಲೂ ಊರು ಬೇರೆ, ಕೇರಿ ಬೇರೆ, ನಡುವೆ ಮೈದಾನ.

ಎಪ್ಪತ್ತರ ದಶಕದಲ್ಲಿ ಆ ಮೈದಾನದಲ್ಲಿ ನಮ್ಮ ಕೆಲಸ ಚೆಂಡು ಹೆಕ್ಕೋದು. ಚೆಂಡು ಲಂಟಾನ ಪೊದೆಗೆ ಬಿದ್ದರೆ, ಹಿಪ್ಪುನೇರಳೆ ತೋಟಕ್ಕೆ ಉರುಳಿದರೆ, “ಏಯ್, ತತ್ತಾರ್ಲಾ” ಅಂತ ಕೂಗು. ತಂದು ಕೈಗೆ ಕೊಡುವ ಹಾಗಿರಲಿಲ್ಲ, ನೆಲದ ಮೇಲೆ ಉರುಳಿಸಬೇಕಿತ್ತು. ಆ ಚೆಂಡು ಚರ್ಮದ್ದು. ಹೊಲಿಗೆ ಬಿಚ್ಚಿದರೆ ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವ ನಮ್ಮ ಚಿಕ್ಕಪ್ಪನ ಮುಂದೆ ಅದನ್ನು ತಂದಿಡುತ್ತಿದ್ದರು. ಅವನು ತೊಡೆ ಮೇಲೆ ಇಟ್ಟುಕೊಂಡು, ಎಂಜಲು ಹಚ್ಚಿದ ದಾರ ಎಳೆದು ಹೊಲಿದುಕೊಡುತ್ತಿದ್ದ. ಅದೇ ಚೆಂಡನ್ನು ಸಂಜೆ ಊರಿನವರು ಎರಡೂ ಕೈಯಲ್ಲಿ ಎತ್ತಿ ಆಡುತ್ತಿದ್ದರು. ಆಗ ಯಾವ ಮೈಲಿಗೆಯೂ ಕಾಣುತ್ತಿರಲಿಲ್ಲ.

ಆಡೋಕೆ ಜನ ಸಾಲದೆ ಬಂದಾಗ ನಮ್ಮಲ್ಲಿ ಒಬ್ಬಿಬ್ಬರನ್ನು ಸೇರಿಸಿಕೊಳ್ಳುತ್ತಿದ್ದರು. ನಿಲ್ಲಿಸುತ್ತಿದ್ದದ್ದು ಹಿಂದಿನ ಸಾಲಿನಲ್ಲಿ. ಶುರುವಿನಿಂದ ಕೊನೆಯವರೆಗೆ ಹಿಂದಿನ ಸಾಲೇ. ಹೊಡೆತ ತಿನ್ನೋದು ನಾವು, ನೆಟ್ಟಿನ ಹತ್ತಿರ ನೆಗೆದು ಬಡಿಯೋದು ಅವರು. ಆಟ ಇರೋದೇ ಹಿಂಗೆ ಅಂತ ನಾವು ತಿಳಿದಿದ್ದೆವು. ನಮ್ಮಪ್ಪಂದಿರು ಬದುಕು ಇರೋದೇ ಹಿಂಗೆ ಅಂತ ತಿಳಿದಿದ್ದ ಹಾಗೆ.

ಒಂದು ಸಲ ಪಕ್ಕದೂರಿನಲ್ಲಿ ಪಂದ್ಯ. ಊರಿನ ಟೀಮಿನಲ್ಲಿ ನಮ್ಮವರು ಇಬ್ಬರಿದ್ದರು. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಅಂಪೈರ್. ಎದುರಾಳಿಯಿಂದ ಸರ್ವ್ ನಮ್ಮ ಕಡೆ ಬಂದ ಕೂಡಲೇ ಅವರು ಸೀಟಿ ಊದಿ, “ಸರದಿ ತಿರುಗ್ರಪ್ಪಾ” ಅಂದರು. ಯಾರೂ ಅಲುಗಲಿಲ್ಲ. ಮೇಷ್ಟ್ರು ಮತ್ತೆ ಹೇಳಿದರು: ಸರ್ವ್ ಸಿಕ್ಕಾಗಲೆಲ್ಲ ಒಬ್ಬೊಬ್ಬರೂ ಒಂದೊಂದು ಮನೆ ಮುಂದಕ್ಕೆ ತಿರುಗಬೇಕು, ಮುಂದಿನವನು ಹಿಂದಕ್ಕೆ, ಹಿಂದಿನವನು ಮುಂದಕ್ಕೆ, ಎಲ್ಲರೂ ಸರ್ವ್ ಮಾಡಬೇಕು, ಸರದಿ ತಪ್ಪಿದರೆ ಫೌಲ್. ಊರಿನ ಹುಡುಗರು ಗೊಣಗಿದರು. “ಪುಸ್ತಕದಲ್ಲಿ ಹಂಗೈತೆ, ನಾನೇನು ಮಾಡ್ಲಿ?” ಅಂದರು ಮೇಷ್ಟ್ರು.

ಹಾಗೆ ತಿರುಗಿ ತಿರುಗಿ ನಮ್ಮಲ್ಲೊಬ್ಬ ನೆಟ್ಟಿನ ಮುಂದೆ ಬಂದು ನಿಂತ. ಪಕ್ಕದಲ್ಲಿ ಜಮೀನ್ದಾರರ ಮಗ, ಲಿಫ್ಟರ್. ಚೆಂಡು ಅವನ ಕೈಗೆ ಬಂತು. “ಎತ್ತೋ! ಮೇಲಕ್ಕೆ ಎತ್ಕೊಡೋ!” ಅಂತ ನಮ್ಮವನು ಕೂಗಿಯೇಬಿಟ್ಟ. ಆಟದ ಭರದಲ್ಲಿ ಅವನೂ ಎತ್ತಿಕೊಟ್ಟ. ನಮ್ಮವನು ಬಡಿದ. ಪಾಯಿಂಟ್ ಬಂತು. ಎಲ್ಲರೂ ಕುಣಿದರು.

ರಾತ್ರಿ ಕೇರಿಗೆ ಹೇಳಿಕೆ ಬಂತು. ಹುಡುಗನ ಅಪ್ಪ ಹೋಗಿ ಅಂಗಳದಲ್ಲಿ ನಿಂತ. “ನಿನ್ನ ಮಗ ನನ್ನ ಮಗನ್ನ ಎತ್ತೋ ಅಂದ್ನಂತೆ?” “ಆಟ್ದಲ್ಲಿ ಅಂದವ್ನೆ ಬುದ್ಧಿ, ಹೊಟ್ಟೆಗಾಕ್ಕೊಳಿ.” ಹದಿನೈದು ದಿನ ಆ ಮನೆಯವರನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಒಂದು ‘ಓ’ಕಾರಕ್ಕೆ ಹದಿನೈದು ದಿನದ ಮುದ್ದೆ ಹೋಯಿತು. ಆದರೆ ಒಂದು ವಿಷಯ ನಮ್ಮ ತಲೆಯಲ್ಲಿ ಕೂತಿತು: ಪುಸ್ತಕದಲ್ಲಿ ಹಂಗೈತೆ. ಇಷ್ಟು ದಿನ ನಮ್ಮನ್ನು ಹಿಂದೆ ನಿಲ್ಲಿಸಿದ್ದು ಆಟದ ನಿಯಮವಾಗಿರಲಿಲ್ಲ, ಊರಿನ ನಿಯಮವಾಗಿತ್ತು.

ಇದು ನಮ್ಮೊಬ್ಬರ ಕತೆ ಅಲ್ಲ. ಪಾಲ್ವಂಕರ್ ಬಾಲೂ ಎಂಬ ಚಮ್ಮಾರರ ಹುಡುಗ ಪುಣೆಯಲ್ಲಿ ಕ್ರಿಕೆಟ್ ಮೈದಾನ ಗುಡಿಸುತ್ತ, ಇಂಗ್ಲಿಷರಿಗೆ ಚೆಂಡು ಹಾಕುತ್ತ ಬೆಳೆದ. ಹಿಂದೂ ತಂಡಕ್ಕೆ ಅವನ ಬೌಲಿಂಗ್ ಬೇಕಿತ್ತು, ಅವನ ಜೊತೆ ಚಹಾ ಬೇಡವಾಗಿತ್ತು. ಉಳಿದವರು ಒಳಗೆ ಕಪ್ಪಿನಲ್ಲಿ ಕುಡಿದರೆ ಅವನಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತು ಬಂದ. ಆದರೂ ಅವನನ್ನು ಹಿಂದೂ ತಂಡದ ನಾಯಕನನ್ನಾಗಿ ಮಾಡಲಿಲ್ಲ. ಜಗಳವಾಡಿ, ಪ್ರತಿಭಟಿಸಿ, ಕೊನೆಗೆ 1923ರಲ್ಲಿ ಅವನ ತಮ್ಮ ವಿಠಲ್ ನಾಯಕನಾದ. ಬೆವರು ಬೇಕು, ಮುಂದಾಳ್ತನ ಕೊಡಬಾರದು. ಕ್ರಿಕೆಟ್ಟಿನಲ್ಲೂ ಇದೇ, ಹೊಲದಲ್ಲೂ ಇದೇ, ನಮ್ಮ ನೆಟ್ಟಿನ ಹತ್ತಿರವೂ ಇದೇ.

ಅದು ಕರ್ನಾಟಕದಲ್ಲಿ ದಲಿತರು ಎದ್ದ ಕಾಲ. 1973ರಲ್ಲಿ ಬಸವಲಿಂಗಪ್ಪನವರ ಮಾತಿಗೆ ಎದ್ದ ಬೂಸಾ ಗಲಾಟೆ ಎಷ್ಟೋ ಹುಡುಗರ ಕಣ್ಣು ತೆರೆಸಿತ್ತು. ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿಗೆ ಬರುತ್ತಿತ್ತು. ನಾವೂ ಕೇರಿಯಲ್ಲಿ ಸಂಘ ಕಟ್ಟಿದೆವು. ಸಂಘದ ಮೊದಲ ಆಸ್ತಿ ಒಂದು ಅಂಬೇಡ್ಕರ್ ಪಟ, ಒಂದು ವಾಲಿಬಾಲ್. ತಲಾ ಒಂದು ರೂಪಾಯಿ ಕೂಡಿಸಿ ಚೆಂಡು ತಂದೆವು. ಕತ್ತಾಳೆ ನಾರು ಹೊಸೆದು ನೆಟ್ಟು ಹೆಣೆದೆವು. ಕೇರಿಯ ಹಿಂದಿನ ಗೋಮಾಳದಲ್ಲಿ ಕಲ್ಲು ಆಯ್ದು ಕೋರ್ಟು ಮಾಡಿದೆವು.

ಆಡುತ್ತ ಆಡುತ್ತ ಈ ಆಟದ ಇನ್ನೊಂದು ಗುಟ್ಟು ಹೊಳೆಯಿತು. ವಾಲಿಬಾಲ್‌ನಲ್ಲಿ ಚೆಂಡನ್ನು ಮುಟ್ಟಬೇಕು, ಹಿಡಿಯಬಾರದು. ಹಿಡಿದರೆ ಫೌಲ್. ಒಬ್ಬನೇ ಎರಡು ಸಲ ಹೊಡೆದರೂ ಫೌಲ್; ಪಕ್ಕದವನಿಗೆ ಕೊಡಲೇಬೇಕು. ನಮ್ಮ ಸಮಾಜದಲ್ಲಿ ನೋಡಿ: ಹಿಡಿದಿಟ್ಟುಕೊಂಡವನಿಗೆ ಮರ್ಯಾದೆ, ಮುಟ್ಟಿದವನಿಗೆ ಶಿಕ್ಷೆ. ಭೂಮಿ ಹಿಡಿದವನು ಯಜಮಾನ, ಕೆರೆ ಮುಟ್ಟಿದವನು ಅಪರಾಧಿ. ಅದಕ್ಕೇ 1927ರಲ್ಲಿ ಬಾಬಾಸಾಹೇಬರು ಮಹಾಡಿನ ಕೆರೆಗೆ ಇಳಿದು ನೀರು ಮುಟ್ಟಬೇಕಾಯಿತು.

ನಮ್ಮ ಮಹಾಡ್ ಸಣ್ಣದು, ಒಂದು ಬಿಂದಿಗೆಯಷ್ಟು. ಊರಿನ ಟೀಮಿಗೂ ಕೇರಿಯ ಟೀಮಿಗೂ ಮೊದಲ ಪಂದ್ಯ ನಡೆದ ದಿನ, ಆಟ ಮುಗಿದ ಮೇಲೆ ನೀರು ಬಂತು. ಅವರಿಗೆ ಲೋಟದಲ್ಲಿ. ನಮಗೆ ಬೊಗಸೆ ಒಡ್ಡಿ ಅಂದರು, ಮೇಲಿಂದ ಹುಯ್ಯೋಕೆ. ಒಂದು ಗಂಟೆ ಕಾಲ ಹನ್ನೆರಡು ಜನರ ಬೆವರು ಒಂದೇ ಚೆಂಡಿನ ಮೇಲೆ ಬಿದ್ದಿತ್ತು. ಅದಕ್ಕಿಲ್ಲದ ಮೈಲಿಗೆ ಲೋಟಕ್ಕೆ ಎಲ್ಲಿಂದ ಬಂತು? ನಾವು ಕುಡಿಯದೆ ಬಂದೆವು. ಮುಂದಿನ ಏಪ್ರಿಲ್ 14ಕ್ಕೆ ನಾವೇ ಪಂದ್ಯಾವಳಿ ಇಟ್ಟೆವು. ಒಂದೇ ಹಂಡೆ, ಒಂದೇ ಲೋಟ. ಆಡುವವರೆಲ್ಲ ಅದರಲ್ಲೇ ಕುಡಿಯಬೇಕು ಅಂತ ಹಲಗೆಯ ಮೇಲೆ ಬರೆದು ನಿಲ್ಲಿಸಿದೆವು. ಆ ವರ್ಷ ಊರಿನ ಟೀಮು ಬರಲಿಲ್ಲ. ಮರುವರ್ಷ ಬಂತು. ಜಮೀನ್ದಾರರ ಆ ಮಗನೇ ಮೊದಲು ಲೋಟ ಎತ್ತಿದ. ಇದನ್ನೂ ಹೇಳಬೇಕು, ಹೇಳದಿದ್ದರೆ ಚರಿತ್ರೆಗೆ ಮೋಸವಾಗುತ್ತೆ.

ನಮ್ಮ ತಪ್ಪನ್ನೂ ಹೇಳೋಣ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಮೊದಲ ಸಲ ಸೇರಿತು. ಸೋವಿಯತ್ ತಂಡವನ್ನು ಸೋಲಿಸಿ ಚಿನ್ನ ಗೆದ್ದ ಜಪಾನಿನ ಹೆಂಗಸರು ಹೆಚ್ಚಿನವರು ಕೈಜುಕಾ ಎಂಬ ಊರಿನ ನಿಚಿಬೋ ನೂಲಿನ ಗಿರಣಿಯ ನೌಕರರು. ಹಗಲು ಗಿರಣಿಯ ಕೆಲಸ ಮುಗಿಸಿ ರಾತ್ರಿಯ ತನಕ ಅಭ್ಯಾಸ ಮಾಡಿದವರು. ನಮ್ಮ ರಾಮನಗರವೂ ನೂಲಿನ ಊರೇ. ಇಲ್ಲಿನ ಫಿಲೇಚರ್‌ಗಳಲ್ಲಿ ನಮ್ಮ ಅಕ್ಕತಂಗಿಯರು, ಸಾಬರ ಮನೆಯ ಹೆಣ್ಣುಮಕ್ಕಳು ಬಿಸಿನೀರಿನಲ್ಲಿ ಬೆಂದ ಗೂಡಿಗೆ ಕೈಯಿಟ್ಟು ಎಳೆ ತೆಗೆದಿದ್ದಾರೆ. ಕರ್ನಾಟಕದ ರೇಷ್ಮೆ ಕೆಲಸದಲ್ಲಿ ಮಕ್ಕಳು ಸಾಲಕ್ಕೆ ಜೀತ ಬಿದ್ದದ್ದನ್ನು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ದಾಖಲಿಸಿತು. ಬೆರಳು ಬೊಬ್ಬೆ ಬಂದ ಆ ಕೈಗಳಿಗೆ ನಾವಾದರೂ ಚೆಂಡು ಕೊಟ್ಟೆವೆ? ಇಲ್ಲ. ಊರಿನವರು ನಮ್ಮನ್ನು ಗೆರೆಯ ಹೊರಗೆ ನಿಲ್ಲಿಸಿದ ಹಾಗೆ ನಾವು ನಮ್ಮ ತಂಗಿಯರನ್ನು ನಿಲ್ಲಿಸಿದೆವು. ಪಂದ್ಯದ ದಿನ ನೀರು ತುಂಬೋಕೆ, ಅಡುಗೆ ಮಾಡೋಕೆ ಅವರು, ನೆಗೆಯೋಕೆ ನಾವು. ಸರದಿ ತಿರುಗಬೇಕು ಅಂತ ಕೂಗಿದವರಿಗೆ ನಮ್ಮ ಮನೆಯೊಳಗಿನ ಸರದಿ ಕಾಣಲಿಲ್ಲ.

ಈಗ ಆಟವೂ ಬದಲಾಗಿದೆ. ಹಳೆಯ ನಿಯಮದಲ್ಲಿ ಸರ್ವ್ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಪಾಯಿಂಟ್. ಉಳಿದವರು ಎಷ್ಟು ಚೆನ್ನಾಗಿ ಆಡಿದರೂ ಸರ್ವ್ ಸಿಗುತ್ತಿತ್ತು, ಅಷ್ಟೆ. ತೊಂಬತ್ತರ ದಶಕದ ಕೊನೆಯಲ್ಲಿ ಅದು ಹೋಗಿ, ಪ್ರತಿ ಆಟಕ್ಕೂ ಪಾಯಿಂಟ್ ಎಂದಾಯಿತು. ಹೊನಲು ಬೆಳಕಿನ ಪಂದ್ಯಗಳು ಬಂದಿವೆ, ಬ್ಯಾನರಿನಲ್ಲಿ ನಾಯಕರ ಮುಖಗಳು ಬಂದಿವೆ. ಬೆಂಗಳೂರು ಬೆಳೆದು ನಮ್ಮ ಕಡೆ ಬರುತ್ತಿದೆ, ಹೊಲಗಳೆಲ್ಲ ಸೈಟುಗಳಾಗುತ್ತಿವೆ. ನಾವು ಕಲ್ಲು ಆಯ್ದ ಗೋಮಾಳಕ್ಕೆ ಈಗ ತಂತಿ ಬೇಲಿ. ಚೆಂಡು ಆಚೆ ಬಿದ್ದರೆ ಕಾವಲಿನವನು ಬೈಯುತ್ತಾನೆ.

ಆದ್ದರಿಂದ ಗೆಳೆಯರೇ, ಹಳ್ಳಿ ಶಾಲೆಯ ಮೇಷ್ಟ್ರುಗಳೇ, ನಮ್ಮ ಕೇಳಿಕೆ ದೊಡ್ಡದೇನಲ್ಲ. ಗ್ರಾಮಸಭೆಯಲ್ಲಿ ಮನೆ, ಚರಂಡಿ ಕೇಳುವಾಗ ಹದಿನೆಂಟು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲದ ನೆಲವನ್ನೂ ಕೇಳಿ, ಅಳೆದು ಬರೆಸಿ. ಅದು ಕೇರಿಯ ಮಕ್ಕಳೂ ಕಾಲಿಡುವ ಜಾಗದಲ್ಲಿರಲಿ. ಹೆಣ್ಣುಮಕ್ಕಳ ಟೀಮು ಕಟ್ಟಿ. ಒಂದೇ ಹಂಡೆ ಇಡಿ. ಮಕ್ಕಳಿಗೆ ಸ್ಮ್ಯಾಶ್ ಕಲಿಸುವ ಮೊದಲು ಸರದಿ ತಿರುಗೋದನ್ನು ಕಲಿಸಿ. ಯಾಕೆ ತಿರುಗಬೇಕು ಅಂತ ಯಾರಾದರೂ ಗೊಣಗಿದರೆ, ಆ ಪಿ.ಟಿ. ಮೇಷ್ಟ್ರು ಹೇಳಿದ್ದನ್ನೇ ಹೇಳಿ: ಪುಸ್ತಕದಲ್ಲಿ ಹಂಗೈತೆ.