ಮಗ್ಗದ ಸಾಲ, ಮನೆಯ ಬಾಗಿಲು

ರಬಕವಿ-ಬನಹಟ್ಟಿಯ ಅನೇಕ ನೇಕಾರರಿಗೆ ಮನೆಯೇ ಕಾರ್ಖಾನೆ. ನಾಲ್ವರು ಪಾಲುದಾರರಾಗಿ ಮಗ್ಗ ಹಾಕಿ ಸೋತರೆ, 1932ರ ಪಾಲುದಾರಿಕೆ ಕಾಯ್ದೆಯಂತೆ ಸಾಲ ಅವರವರ ಮನೆಯನ್ನೂ ಮುಟ್ಟುತ್ತದೆ. ಈ ಭಯಕ್ಕೆ ಜರ್ಮನಿ 1892ರಲ್ಲಿ ಕಂಡುಕೊಂಡ ಉತ್ತರ ‘ಜಿಎಂಬಿಎಚ್’, ಸೀಮಿತ ಹೊಣೆಗಾರಿಕೆಯ ಸಣ್ಣ ಕಂಪನಿ. ಆಗ ಕನಿಷ್ಠ ಬಂಡವಾಳ 20,000 ಮಾರ್ಕ್ ಇತ್ತು; ಕಂಪನಿ ಮುಳುಗಿದರೂ ಸಾಲ ಕೊಟ್ಟವರು ಪಾಲುದಾರರ ಮನೆಗೆ ಕೈಹಾಕುವಂತಿಲ್ಲ.

ಆದರೆ ನಮ್ಮ ಸೀಮೆಗೆ ಮೊದಲು ಬಂದದ್ದು ಜರ್ಮನಿಯ ಇನ್ನೊಂದು ದಾರಿ. ರೈಫೈಸನ್ ಮಾದರಿ ಹಿಡಿದ 1904ರ ಸಹಕಾರ ಕಾಯ್ದೆಯಲ್ಲಿ ಗ್ರಾಮೀಣ ಸಂಘಗಳ ಹೊಣೆ ಸಾಮಾನ್ಯವಾಗಿ ಅಪರಿಮಿತ. ಗದಗ ಬಳಿಯ ಕಣಗಿನಹಾಳದ ಸಂಘ ಹುಟ್ಟಿದ್ದು ಅದರಡಿಯಲ್ಲೇ, 1905ರಲ್ಲಿ. ಅಂಥ ಸಂಘದಲ್ಲಿ ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ.

1913ರ ಕಾಯ್ದೆ ಖಾಸಗಿ ಕಂಪನಿಗೂ ಬಾಗಿಲು ತೆರೆಯಿತು. ಆದರೂ ಬ್ಯಾಂಕು ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳಿದ ದಿನ, ಕಾನೂನು ಕಟ್ಟಿದ ಗೋಡೆ ಕುಸಿಯುತ್ತದೆ. ಸೀಮಿತ ಹೊಣೆಯ ಚರಿತ್ರೆಯನ್ನು ನಾನು ಓದುವುದು ಈ ಪ್ರಶ್ನೆಯಿಂದಲೇ: ಆ ಗೋಡೆ ನಿಜಕ್ಕೂ ಯಾರ ಮನೆಯನ್ನು ಕಾಯುತ್ತದೆ?