ಎರೆ, ಮಸಾರಿ ಮತ್ತು ದಾಳಿಂಬೆಯ ಹಸ್ತ ಬಹಾರ್: ಬಾಗಲಕೋಟೆ ಜಿಲ್ಲೆಯ ಹಿನ್ನೆಲೆಯಲ್ಲಿ ಒಂದು ಸಸ್ಯಶರೀರಕ್ರಿಯಾ ವಿವೇಚನೆ

ಪೀಠಿಕೆ

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಭಾಗಗಳು ಕರ್ನಾಟಕದ ಉತ್ತರ ಒಣವಲಯಕ್ಕೆ ಸೇರಿವೆ. ಇಲ್ಲಿ ವರ್ಷದ ಸರಾಸರಿ ಮಳೆ 600 ಮಿ.ಮೀ. ಆಸುಪಾಸು, ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಇಂಥ ನೆಲದಲ್ಲಿ ದಾಳಿಂಬೆ ಮುಖ್ಯ ಹಣ್ಣಿನ ಬೆಳೆಯಾಗಿ ನೆಲೆಯೂರಿದೆ. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಸಂಶೋಧನೆಯೂ ತೋಟದ ಬಾಗಿಲಿಗೆ ಬಂದಿದೆ. ಹೂವನ್ನು ಒಂದೇ ಹಂಗಾಮಿಗೆ ತರುವ ಬಹಾರ್‌ಗೆ ಎಷ್ಟು ದಿನ ನೀರು ನಿಲ್ಲಿಸಬೇಕು ಎಂಬುದು ಬೆಳೆಗಾರರ ಮೊದಲ ಪ್ರಶ್ನೆ. ಈ ಅವಧಿಯನ್ನು ದಿನಗಳ ಲೆಕ್ಕದಲ್ಲಿ ಹೇಳುವುದು ಎರೆ (ಕಪ್ಪು ಮಣ್ಣು) ಮತ್ತು ಮಸಾರಿ (ಹಗುರ ಕೆಂಪು ಮಣ್ಣು) ಎರಡಕ್ಕೂ ಒಂದೇ ಸಮನಾಗಿ ಸಲ್ಲದು, ಗಿಡದ ನೀರಿನ ಸ್ಥಿತಿಯೇ ಅದನ್ನು ನಿರ್ಧರಿಸಬೇಕು ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ನೀರಿನ ಕೊರತೆ ಮತ್ತು ಹೂವು

ನಮ್ಮ ಹವೆಯಲ್ಲಿ ದಾಳಿಂಬೆ ವರ್ಷವಿಡೀ ಅಲ್ಲಲ್ಲಿ ಹೂ ಬಿಡುತ್ತಿರುತ್ತದೆ. ಅದನ್ನು ಒಂದೇ ಹಂಗಾಮಿಗೆ ತರುವ ಕ್ರಮವೇ ಬಹಾರ್. ಜನವರಿ–ಫೆಬ್ರವರಿಯಲ್ಲಿ ಹೂ ಬಂದರೆ ಅಂಬೆ, ಜೂನ್–ಜುಲೈನಲ್ಲಿ ಬಂದರೆ ಮೃಗ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಂದರೆ ಹಸ್ತ.

ಮಣ್ಣು ಒಣಗತೊಡಗಿದಾಗ ಬೇರಿನಲ್ಲಿ ಹೆಚ್ಚುವ ಅಬ್ಸಿಸಿಕ್ ಆಮ್ಲ ಎಲೆಗೆ ತಲುಪಿ ಪತ್ರರಂಧ್ರಗಳನ್ನು ಮುಚ್ಚಿಸುತ್ತದೆ. ಆದರೆ ಕೊರತೆಯ ಪೆಟ್ಟು ಮೊದಲು ಬೀಳುವುದು ಜೀವಕೋಶಗಳ ಹಿಗ್ಗುವಿಕೆಯ ಮೇಲೆ. ದ್ಯುತಿಸಂಶ್ಲೇಷಣೆ ಕುಗ್ಗುವುದು ಆಮೇಲೆ. ಚಿಗುರು ನಿಂತರೂ ಎಲೆ ಇನ್ನೂ ಸಕ್ಕರೆ ತಯಾರಿಸುತ್ತಿರುವ ಈ ನಡುವಣ ಅವಧಿಯಲ್ಲೇ ಕಾಂಡ ಮತ್ತು ಬೇರಿನಲ್ಲಿ ಪಿಷ್ಟ ಕೂಡಿಕೊಳ್ಳುತ್ತದೆ. ಕಾರ್ಬೋಹೈಡ್ರೇಟ್–ಸಾರಜನಕ ಅನುಪಾತಕ್ಕೂ ಫಲ ಬಿಡುವುದಕ್ಕೂ ಇರುವ ನಂಟನ್ನು ಕ್ರೌಸ್ ಮತ್ತು ಕ್ರೇಬಿಲ್ 1918ರಲ್ಲಿ ಟೊಮ್ಯಾಟೊ ಗಿಡದಲ್ಲಿ ತೋರಿಸಿದ್ದರು. ಹೂಬಿಡುವಿಕೆಯನ್ನು ಆ ಅನುಪಾತವೊಂದರಿಂದಲೇ ವಿವರಿಸಲಾಗದು ಎಂಬುದು ಇಂದಿನ ತಿಳಿವಳಿಕೆ. ಆದರೂ ಸಂಗ್ರಹಿತ ಆಹಾರದ ಮಹತ್ವ ಕಡಿಮೆಯಾಗಿಲ್ಲ.

ನೀರು ನಿಲ್ಲಿಸಿದ ಅವಧಿ ಮುಗಿದ ಬಳಿಕ ಎಥ್ರೆಲ್ ಸಿಂಪಡಿಸುತ್ತಾರೆ. ಅದು ಗಿಡದೊಳಗೆ ಎಥಿಲಿನ್ ಬಿಡುಗಡೆ ಮಾಡಿ ಎಲೆ ಉದುರಿಸುತ್ತದೆ. ಹಗುರ ಚಾಟ್ನಿ (ರೆಂಬೆ ಸವರುವಿಕೆ), ಗೊಬ್ಬರ ಮತ್ತು ನೀರು ಸಿಕ್ಕೊಡನೆ ಕೂಡಿಟ್ಟ ಆಹಾರ ಹೊಸ ಮೊಗ್ಗುಗಳಿಗೆ ಹರಿಯುತ್ತದೆ. ದಾಳಿಂಬೆಯಲ್ಲಿ ಕಾಯಿಕಟ್ಟುವ ದ್ವಿಲಿಂಗಿ ಹೂಗಳ ಜೊತೆ ಉದುರಿಹೋಗುವ ಗಂಡು ಹೂಗಳೂ ಇರುತ್ತವೆ. ಆದ್ದರಿಂದ ಬಹಾರ್‌ನ ಯಶಸ್ಸನ್ನು ಒಟ್ಟು ಹೂಗಳಿಂದಲ್ಲ, ದ್ವಿಲಿಂಗಿ ಹೂಗಳ ಪಾಲಿನಿಂದ ಅಳೆಯಬೇಕು.

ಎರಡು ಮಣ್ಣು, ಒಂದು ಮಳೆಗಾಲ

ಹುನಗುಂದದ ಎರೆ ಭೂಮಿ ಮಸಾರಿಗಿಂತ ಬಹಳ ಹೆಚ್ಚು ನೀರು ಹಿಡಿದಿಡುತ್ತದೆ. ಬಾದಾಮಿಯ ಮರಳುಕಲ್ಲಿನ ಗುಡ್ಡಗಳ ಮಗ್ಗುಲಿನ ಹಗುರ ಮಣ್ಣು ಬೇಗ ಬಸಿಯುತ್ತದೆ. ನೀರು ನಿಲ್ಲಿಸಿದ ಅಷ್ಟೇ ದಿನಗಳಲ್ಲಿ ಮಸಾರಿಯ ಗಿಡ ಸಾಕಷ್ಟು ದಣಿದಿದ್ದರೆ, ಎರೆಯ ಗಿಡ ಇನ್ನೂ ಚಿಗುರುತ್ತಿರಬಹುದು. ಎರೆ ಪೂರ್ತಿ ಒಣಗಿ ಬಿರುಕು ಬಿಟ್ಟರೆ ಎಳೆಬೇರುಗಳೇ ಹರಿಯುತ್ತವೆ. ಅಂದರೆ ಅಲ್ಲಿ ಕೊರತೆ ತಡವಾಗಿ ಬರುತ್ತದೆ, ಬಂದಾಗ ಮಿತಿಮೀರುವ ಅಪಾಯವೂ ಇದೆ.

ಹಸ್ತ ಬಹಾರ್‌ನಲ್ಲಿ ಈ ವ್ಯತ್ಯಾಸ ಇನ್ನಷ್ಟು ತೊಡಕಾಗುತ್ತದೆ. ದುಂಡಾಣು ಅಂಗಮಾರಿ ರೋಗ ಮಳೆಹನಿಯ ಸಿಡಿತದಿಂದ ಹರಡುವುದರಿಂದ, ಕಾಯಿಗಳು ಒಣ ಹವೆಯಲ್ಲಿ ಬೆಳೆಯುವ ಹಸ್ತ ಬಹಾರ್ ಸುರಕ್ಷಿತ. ಆದರೆ ಅದಕ್ಕಾಗಿ ಗಿಡವನ್ನು ಒಣಗಿಸಬೇಕಾದ ಆಗಸ್ಟ್–ಸೆಪ್ಟೆಂಬರಿನಲ್ಲೇ ಈ ಭಾಗದ ಒಳ್ಳೆಯ ಮಳೆ ಬೀಳುತ್ತದೆ. ಹನಿ ನೀರಾವರಿಯ ಗೇಟುವಾಲ್ವ್ ಮುಚ್ಚಿದರೂ ಎರೆಯಲ್ಲಿ ತೇವ ಉಳಿದೇ ಇರುತ್ತದೆ. ಆಗ ಎಥ್ರೆಲ್ ಎಲೆಯನ್ನೇನೋ ಉದುರಿಸುತ್ತದೆ. ಸಂಗ್ರಹವಾಗದ ಪಿಷ್ಟವನ್ನು ಅದು ಒದಗಿಸಲಾರದು. ಫಲವಾಗಿ ಹೂವಿಗಿಂತ ಚಿಗುರೇ ಮೇಲುಗೈ ಸಾಧಿಸುತ್ತದೆ. ಔಷಧದ ಪ್ರಮಾಣ ಏರಿಸುವುದು ಇದಕ್ಕೆ ಪರಿಹಾರವಲ್ಲ.

ಉಪಸಂಹಾರ

ಎಲೆಯ ನೀರಿನ ಒತ್ತಡವನ್ನು ನೇರವಾಗಿ ಅಳೆಯುವ ಒತ್ತಡಕೋಶದ ಬಳಕೆಯನ್ನು ಶೋಲಾಂಡರ್ ಮತ್ತು ಸಂಗಡಿಗರು 1965ರಲ್ಲೇ ನಿರೂಪಿಸಿದ್ದಾರೆ. ಬೆಳಗಾಗುವ ಮುನ್ನಿನ ಈ ಅಳತೆ, ಎರಡು ಆಳಗಳಲ್ಲಿ ಮಣ್ಣಿನ ತೇವ, ರೆಂಬೆಯ ಪಿಷ್ಟ ಮತ್ತು ದ್ವಿಲಿಂಗಿ ಹೂಗಳ ಪಾಲು: ಈ ನಾಲ್ಕನ್ನೂ ಎರೆ ಮತ್ತು ಮಸಾರಿ ತೋಟಗಳಲ್ಲಿ ಹಲವು ಹಂಗಾಮು ಜೊತೆಜೊತೆಯಾಗಿ ದಾಖಲಿಸಬೇಕು. ಚಿಗುರು ನಿಲ್ಲುವುದು, ಕೆಳಗಿನ ಎಲೆ ಹಳದಿಯಾಗುವುದು ಮುಂತಾಗಿ ಬೆಳೆಗಾರರು ನೆಚ್ಚಿರುವ ಗುರುತುಗಳನ್ನು ಆ ಅಳತೆಗಳೊಂದಿಗೆ ತಾಳೆ ನೋಡಬೇಕು. ಬಾಗಲಕೋಟೆ ಜಿಲ್ಲೆಯ ದಾಳಿಂಬೆಗೆ ಬೇಕಾಗಿರುವುದು ಮಣ್ಣಿಗೊಂದು ಶಿಫಾರಸು. ಅದನ್ನು ರೂಪಿಸುವ ಹೊಣೆ ಇಲ್ಲಿನ ಸಸ್ಯಶರೀರಕ್ರಿಯಾ ಸಂಶೋಧಕರದ್ದು.