ಶಾಪಾಶಯದ ತರ್ಕ: ಮೂಲ ನೈತಿಕ ನಂಬಿಕೆಗೆ ಸಮರ್ಥನೆ ಬೇಕೇ?

ಬಿ. ಎಲ್. ರೈಸ್ 1894ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳಿವೆ. ಇಂಥ ದಾನಶಾಸನಗಳು ಸಾಮಾನ್ಯವಾಗಿ ಶಾಪಾಶಯದಿಂದ ಮುಗಿಯುತ್ತವೆ: ದತ್ತಿಯನ್ನು ಅಳಿದವನಿಗೆ ಗಂಗೆಯ ತಡಿಯಲ್ಲೋ ವಾರಣಾಸಿಯಲ್ಲೋ ಕವಿಲೆ ಹಸುವನ್ನು, ಬ್ರಾಹ್ಮಣರನ್ನು ಕೊಂದ ಪಾಪ. ರೂಢಿಯ ಮಾತೆಂದು ವಿದ್ವಾಂಸರು ಬದಿಗಿಡುವ ಈ ಭಾಗದಲ್ಲಿ ಒಂದು ನೈತಿಕ ತರ್ಕವಿದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ದತ್ತಿ ಕಸಿಯುವುದು ಏಕೆ ತಪ್ಪು ಎಂಬುದಕ್ಕೆ ಶಾಸನದಲ್ಲಿ ಉತ್ತರವಿದೆ: ಅದು ಹತ್ಯೆಗೆ ಸಮ. ಹತ್ಯೆ ಏಕೆ ತಪ್ಪು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಹೊಸ ಕಟ್ಟುಪಾಡಿಗೆ ಆಧಾರ ಬೇಕು. ಆಧಾರಕ್ಕೂ ಆಧಾರ ಕೇಳುತ್ತ ಹೋದರೆ ಅನವಸ್ಥೆ. ಎಲ್ಲಕ್ಕೂ ಪ್ರಮಾಣ ಕೇಳುವುದು ಶಿಕ್ಷಣದ ಕೊರತೆಯೆಂದು ಅರಿಸ್ಟಾಟಲ್ ‘ಮೆಟಾಫಿಸಿಕ್ಸ್’ನಲ್ಲಿ ಹೇಳಿದ್ದೂ ಈ ಕಾರಣಕ್ಕೇ. ಮೀಮಾಂಸಕ ಕುಮಾರಿಲನ ಸ್ವತಃಪ್ರಾಮಾಣ್ಯವಾದ ಇನ್ನೂ ಉಪಯುಕ್ತ: ಜ್ಞಾನ ತಾನಾಗಿಯೇ ಪ್ರಮಾಣ, ಅದರ ಅಪ್ರಾಮಾಣ್ಯ ಮಾತ್ರ ಅದನ್ನು ಅಲ್ಲಗಳೆಯುವ ಬಾಧಕದಿಂದ ತಿಳಿಯತಕ್ಕದ್ದು. ವೇದದ ರಕ್ಷಣೆಗೆ ಅವನು ಬಳಸಿದ ಈ ವಾದವನ್ನು ಇಲ್ಲಿ ಲೋಕರೂಢಿಗೂ ವಿಸ್ತರಿಸಿದೆ. ಅದಕ್ಕೆ ಅವನು ಒಪ್ಪುತ್ತಿರಲಿಲ್ಲ.

ವಿಸ್ತರಿಸಿದೊಡನೆ ತೊಡಕು ಎದುರಾಗುತ್ತದೆ. ಶಾಪಾಶಯದ ಪಾಪಗಳ ಪಟ್ಟಿಯಲ್ಲಿ, ದತ್ತಿಯ ಗದ್ದೆ ಉಳುವವನ ಸಾವು ಸಾಮಾನ್ಯವಾಗಿ ಕಾಣುವುದಿಲ್ಲ. ಯಾರ ಜೀವಕ್ಕೆ ಬೆಲೆ ಎಂಬ ಶ್ರೇಣಿಯೂ ಪ್ರಶ್ನೆಯಿಲ್ಲದೆ ಆಧಾರದೊಳಗೆ ಸೇರಿಕೊಂಡಿದೆ. ಅಸ್ಪೃಶ್ಯತೆ ಉಳಿದುಬಂದದ್ದೂ ಸಮರ್ಥನೆ ಬೇಡದ ನಡಾವಳಿಯಾಗಿಯೇ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1993ರಲ್ಲಿ, ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ, ಮೂವರು ದಲಿತರ ಹತ್ಯೆಯಾಯಿತು. ಅಷ್ಟರಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿದ ಸಂವಿಧಾನದ 17ನೆಯ ವಿಧಿ ಜಾರಿಗೆ ಬಂದು ನಾಲ್ಕು ದಶಕ ಕಳೆದಿತ್ತು.

ಗಮನಿಸಬೇಕಾದದ್ದು, 17ನೆಯ ವಿಧಿಯೂ ಕಾರಣ ಹೇಳುವುದಿಲ್ಲ. ರದ್ದಾಗಿದೆ, ಆಚರಣೆ ನಿಷಿದ್ಧ, ಶಿಕ್ಷಾರ್ಹ ಎಂದಷ್ಟೇ ಸಾರುತ್ತದೆ. ಅಸ್ಪೃಶ್ಯತೆ ಮತ್ತು ಅದರ ರದ್ದತಿ ಎಂಬ, ಕಾರಣ ಹೇಳದ ಎರಡು ನಂಬಿಕೆಗಳ ನಡುವಿನ ಅಂತರ ಬಾಧಕದ ಮುಂದೆ ಮಾತ್ರ ಗೋಚರವಾಗುತ್ತದೆ. ಹೊರಗಿಡಲ್ಪಟ್ಟವನು ಬಾಗಿಲಿಗೆ ಬಂದು ‘ಏಕೆ?’ ಎಂದಾಗ ಮೊದಲನೆಯದರ ಬಳಿ ಬಲಪ್ರಯೋಗದ ಹೊರತು ಉತ್ತರವಿಲ್ಲ. ಎರಡನೆಯದು, ತನ್ನಿಂದ ಮೇಲರಿಮೆ ಕಳೆದುಕೊಂಡವನ ಆಕ್ಷೇಪವನ್ನೂ ಕೇಳಿಸಿಕೊಂಡು ನಿಲ್ಲಬಲ್ಲದು.

ಆದ್ದರಿಂದ ಮೂಲ ನೈತಿಕ ನಂಬಿಕೆಗೆ ಮುಂಗಡ ಸಮರ್ಥನೆ ಬೇಕಿಲ್ಲ. ಅದರ ಭಾರ ಹೊರುವವರು ಪ್ರಶ್ನಿಸಿದಾಗ ಉತ್ತರಿಸುವ ಹೊಣೆಯಿಂದ ಮಾತ್ರ ಅದಕ್ಕೆ ವಿನಾಯಿತಿಯಿಲ್ಲ. ಈ ಹೊಣೆಯೂ ಒಂದು ಮೂಲ ನಂಬಿಕೆಯೇ ಅಲ್ಲವೇ ಎಂದರೆ, ಹೌದು. ಅದಕ್ಕೂ ಬಾಧಕ ತರಬಯಸುವವರು ತರಬಹುದು. ಆದರೆ ತಂದವರು ತಮ್ಮ ಆಕ್ಷೇಪಕ್ಕೆ ಉತ್ತರ ನಿರೀಕ್ಷಿಸಿದೊಡನೆ ಆ ಹೊಣೆಯನ್ನು ಒಪ್ಪಿಕೊಂಡಂತೆಯೇ.